ಎಡಗಿವಿಯಿಂದ ಶುರುವಾಗುವ ಮುಖಗಳು

ಬೀದಿ ಇನ್ನೂ ಪೂರ್ತಿ ಎದ್ದಿಲ್ಲ. ಹಾಲಿನ ವ್ಯಾನು ಈಗಷ್ಟೇ ತಿರುವು ದಾಟಿದೆ. ಈ ಅಂಗಡಿ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಕಣ್ಣು ಬಿಡುವುದು ಕಟಿಂಗ್ ಶಾಪಿನ ಶಟರು. ಅದನ್ನು ಎತ್ತುವುದು ಇಡೀ ಬೀದಿಯ ಅತ್ತಿಗೆ. ಅವರ ಗಂಡ, ಬೀದಿಯವರೆಲ್ಲ ಸಲೂನ್ ಅಣ್ಣ ಎಂದು ಕರೆಯುವ ಮನುಷ್ಯ, ಬಾಗಿಲಿನ ಎಡಗಡೆ ಚೌಕಟ್ಟನ್ನು ಬೆರಳಿನಿಂದ ಮುಟ್ಟಿ, "ಇದ್ದೀಯಾ?" ಎಂದು ಕೇಳಿ ಒಳಗೆ ಹೋಗುತ್ತಾರೆ. ಚೌಕಟ್ಟು ಏನೂ ಹೇಳುವುದಿಲ್ಲ. ಆದರೂ ದಿನಾ ಕೇಳುತ್ತಾರೆ.

ಮೊದಲ ಗಿರಾಕಿ ಪೇಪರ್ ಏಜೆಂಟು. ಮನೆಮನೆಗೆ ಪೇಪರ್ ಹಾಕಿ ಮುಗಿಸಿ, ಸೈಕಲ್ಲನ್ನು ಗೋಡೆಗೆ ಆನಿಸಿ, ನೇರ ಬಂದು ತಿರುಗುವ ಕುರ್ಚಿಯಲ್ಲಿ ಕೂರುತ್ತಾರೆ. ಅಣ್ಣ ಅವರ ಕೊರಳಿಗೆ ಬಿಳಿ ಬಟ್ಟೆ ಸುತ್ತಿ, ಎಡ ಭುಜದ ಮೇಲೆ ಬಟ್ಟೆ ಒಣಗಿಸುವ ಕೆಂಪು ಕ್ಲಿಪ್ಪೊಂದನ್ನು ಸಿಕ್ಕಿಸುತ್ತಾರೆ. ಆಮೇಲೆ ಕೈಗೆ ಬರುವುದು ಕತ್ತರಿ ಅಲ್ಲ, ಬಣ್ಣದ ಬ್ರಷ್ಷು. ಅಂಗೈಯಗಲದ ದಪ್ಪ ಕಾಗದದ ಎಡ ಅಂಚಿಗೆ ಮೇಲಿನಿಂದ ಕೆಳಗೆ ಒಂದು ಕೆಂಪು ಗೆರೆ ಎಳೆಯುತ್ತಾರೆ. ಗಿರಾಕಿಯ ಹಿಂದೆ ನಿಂತು, ಕನ್ನಡಿಯಲ್ಲಿ ಅವರ ಮುಖ ನೋಡುತ್ತಾ, ಎಡಗಿವಿಯಿಂದ ಚಿತ್ರ ಶುರು ಮಾಡುತ್ತಾರೆ.

"ಅಣ್ಣ, ಈ ಸಲನಾದ್ರೂ ಕಿವಿ ಒಂಚೂರು ಚಿಕ್ಕದು ಮಾಡಿ," ಏಜೆಂಟರ ಅಹವಾಲು.

"ನಿನ್ ಕಿವಿ ಇರೋದೇ ಹಂಗೆ ಕಣಪ್ಪಾ. ನಾನೇನು ಹಿಡ್ದು ಎಳ್ದಿಲ್ಲ."

ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಚಿತ್ರ ಮುಗಿಯುತ್ತದೆ. ಬಲಗಡೆ ನಿಂತ ಅತ್ತಿಗೆ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಾರೆ. ಎರಡು ಕಿವಿ ಇದೆ, ಎರಡು ಕಣ್ಣಿದೆ, ಮೂಗು ಪೂರ್ತಿ ಇದೆ, ಎಡ ಮೀಸೆಯೂ ಇದೆ. "ಹ್ಞೂಂ," ಎನ್ನುತ್ತಾರೆ. ಆಗಷ್ಟೇ ಕತ್ತರಿ ಅಣ್ಣನ ಕೈಗೆ ಸಿಗುತ್ತದೆ. ಇಲ್ಲಿಯ ಕಾಯಿದೆಯೇ ಹಾಗೆ. ಮೊದಲು ಬಣ್ಣ, ಆಮೇಲೆ ಕತ್ತರಿ.

ನಾನು ಈ ಅಂಗಡಿಗೆ ಬಂದದ್ದು ಪೇಪರಿಗೆ ಬರೆಯಲು, ಕೂದಲು ಕತ್ತರಿಸಿಕೊಳ್ಳಲು ಅಲ್ಲ. ಕತ್ತರಿಸಿಕೊಳ್ಳುವಷ್ಟು ಕೂದಲು ನನ್ನ ತಲೆಯ ಮೇಲೆ ಉಳಿದೂ ಇಲ್ಲ. ಅಣ್ಣ ಅದನ್ನು ಮೊದಲ ನೋಟಕ್ಕೇ ಕಂಡುಹಿಡಿದು, "ನಿಮ್ದು ಒಳ್ಳೇ ತಲೆ ಸಾರ್, ಎರಡೂ ಕಡೆ ಒಂದೇ ಥರ, ನಂಗೆ ಮೋಸ ಆಗೋ ಭಯ ಇಲ್ಲ," ಅಂದರು. ಆ ಮಾತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರ ಕಥೆ ಕೇಳಿದ ಮೇಲೆ ನಕ್ಕೆ.

ಕಥೆ ಶುರುವಾಗುವುದು ಇದೇ ಕುರ್ಚಿಯಿಂದ. ಒಂದು ಸಂಜೆ ಕನ್ನಡಿಯ ಮೇಲಿನ ಬಲ್ಬು ಹೋಯಿತು. ಏಣಿ ತರಲು ಪಕ್ಕದ ಅಂಗಡಿಗೆ ಹೋಗಬೇಕು, ಯಾರು ಹೋಗುತ್ತಾರೆ? ಅಣ್ಣ ತಿರುಗುವ ಕುರ್ಚಿಯ ಮೇಲೆ ಹತ್ತಿ ನಿಂತರು. ಕುರ್ಚಿ ತನ್ನ ಧರ್ಮ ಪಾಲಿಸಿತು.

"ಕಟಿಂಗ್‌ಗೆ ಬರೋ ಮಕ್ಳಿಗೆಲ್ಲ, ಲೋ, ಈ ಕುರ್ಚಿ ಮೇಲೆ ನಿಲ್ಬೇಡ್ರೋ, ತಿರುಗುತ್ತೆ, ಬೀಳ್ತೀರಾ ಅಂತ ಜೀವಮಾನ ಪೂರ್ತಿ ಬೈದೋನು ನಾನು," ಎನ್ನುತ್ತಾರೆ ಅಣ್ಣ. "ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ."

ತಲೆಯ ಬಲಭಾಗ ಕಲ್ಲಿನ ನೆಲಕ್ಕೆ ಬಡಿದಿತ್ತು. ಒಳಗೆ ರಕ್ತ ಕಟ್ಟಿತು, ಆಪರೇಷನ್ ಆಯಿತು, ಜೀವ ಉಳಿಯಿತು. ಕೈಕಾಲು ಆಡುತ್ತಿದ್ದವು, ಮಾತು ಸ್ಪಷ್ಟವಿತ್ತು, ಜೋಕುಗಳು ಕೂಡ ಮೊದಲಿನಷ್ಟೇ ಕೆಟ್ಟದಾಗಿದ್ದವಂತೆ. ಎಲ್ಲರೂ ಬದುಕಿದೆಯಾ ಬಡಜೀವವೇ ಎಂದುಕೊಂಡರು. ಎಡಗಡೆ ಕಳೆದುಹೋಗಿದೆ ಎಂದು ಗೊತ್ತಾಗಲು ಸ್ವಲ್ಪ ದಿನ ಬೇಕಾಯಿತು.

ಕಣ್ಣಿಗೇನೂ ಆಗಿರಲಿಲ್ಲ. ಕಣ್ಣು ನೋಡುತ್ತಿತ್ತು, ಮೆದುಳು ಎಡಗಡೆಯಿಂದ ಬಂದದ್ದನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದ ಕೆಲವರಿಗೆ ಹೀಗಾಗುತ್ತದಂತೆ. ಅವರ ಪಾಲಿಗೆ ಜಗತ್ತು ಬಲಗಡೆ ಮಾತ್ರ ಇರುತ್ತದೆ, ಎಡಗಡೆ ಎಂಬುದೊಂದು ಇತ್ತು ಎನ್ನುವುದೇ ಮರೆತುಹೋಗಿರುತ್ತದೆ. ತಟ್ಟೆಯ ಬಲ ಅರ್ಧ ಊಟ ಮಾಡಿ ಅಣ್ಣ, "ಇಷ್ಟೇನಾ ಬಡ್ಸಿದ್ದು?" ಎಂದು ಗೊಣಗುತ್ತಿದ್ದರು. ಅತ್ತಿಗೆ ಸದ್ದಿಲ್ಲದೆ ತಟ್ಟೆ ತಿರುಗಿಸುತ್ತಿದ್ದರು. "ಹಾಂ, ಈಗ ಬಂತು ನೋಡು," ಎಂದು ಅಣ್ಣ ಉಳಿದರ್ಧ ಮುಗಿಸುತ್ತಿದ್ದರು.

"ಒಂದೇ ಅಡುಗೇಲಿ ಎರಡು ಸಲ ಬಡ್ಸಿದ ಪುಣ್ಯ ನಂದು," ಎಂದು ಅತ್ತಿಗೆ ನಗುತ್ತಾರೆ. ಆಮೇಲೆ ನಗು ನಿಲ್ಲಿಸಿ, ಕತ್ತರಿಸಿದ ಕೂದಲು ಗುಡಿಸುತ್ತಾ, ನಾನು ಕೇಳದೆಯೇ ಇನ್ನೊಂದು ವಿಷಯ ಹೇಳುತ್ತಾರೆ. "ರಸ್ತೇಲಿ ನಡೆದ್ರೂ, ಬಸ್ಸಲ್ಲಿ ಕೂತ್ರೂ ನಾನು ಯಾವಾಗ್ಲೂ ಇವರ ಎಡಗಡೆನೇ. ಅದೇ ಅಭ್ಯಾಸ. ಆಸ್ಪತ್ರೇಲೂ ಮಂಚದ ಎಡಗಡೆನೇ ಕೂತಿದ್ದೆ. ಇಡೀ ದಿನ ಕೂತಿದೀನಿ, ಇವರು ನರ್ಸಮ್ಮನ್ನ ಕೇಳ್ತಾರೆ, ನಮ್ಮನೆಯೋಳು ಇನ್ನೂ ಬಂದಿಲ್ವಾ ಅಂತ. ಪಕ್ಕದಲ್ಲೇ ಇದೀನಲ್ರೀ ಅಂದ್ರೆ, ಬಲಗಡೆ ತಿರುಗಿ ಹುಡುಕ್ತಾರೆ. ಅವತ್ತು ಎದ್ದು ಬಲಗಡೆಗೆ ಬಂದೋಳು ಇವತ್ತಿಗೂ ಬಲಗಡೆನೇ ಇದೀನಿ."

ಅಣ್ಣ ಬಾಚಣಿಗೆ ತೊಳೆಯುವ ನೆಪದಲ್ಲಿ ನಲ್ಲಿ ಜೋರಾಗಿ ಬಿಡುತ್ತಾರೆ.

ಆಸ್ಪತ್ರೆಯಲ್ಲಿ ರೋಗಿಗಳಿಗೆ ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಒಬ್ಬ ಡಾಕ್ಟ್ರಮ್ಮ ಇದ್ದರು. ಅವರು ಮೊದಲ ದಿನ ಒಂದು ಗಡಿಯಾರದ ಚಿತ್ರ ಬರೆಯಲು ಹೇಳಿದರು. ಅಣ್ಣ ದುಂಡಗೆ ಒಂದು ಸುತ್ತು ಎಳೆದು, ಹನ್ನೆರಡೂ ಅಂಕಿಗಳನ್ನು ಬಲಗಡೆಯಲ್ಲೇ ಒತ್ತೊತ್ತಾಗಿ ತುರುಕಿ, "ಆಯ್ತು," ಎಂದು ಕೊಟ್ಟರು. ನೋಡಲು ಬಂದಿದ್ದ ಜೀವದ ಗೆಳೆಯ ಅದನ್ನು ಕೈಗೆತ್ತಿಕೊಂಡರು. ಈ ಗೆಳೆಯರ ಕಸುಬು ಗಡಿಯಾರ ರಿಪೇರಿ, ಸಲೂನಿನ ಎದುರಿಗೇ ಅವರ ಪುಟ್ಟ ಅಂಗಡಿ. ಬೀದಿಯವರಿಗೆ ಅವರು ವಾಚ್ ಮಾಮ. ವಾಚ್ ಮಾಮ ಆ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ರಿಪೇರಿಗೆ ಬರಲ್ಲ ಕಣೋ. ಮಧ್ಯಾಹ್ನದ ಮೇಲೆ ಟೈಮೇ ಇಲ್ಲ ಇದರಲ್ಲಿ," ಎಂದರು. ಹೇಳಿ ಹೊರಗೆ ಹೋಗಿ ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ಅತ್ತರು ಎಂಬುದು ಅತ್ತಿಗೆ ಹೇಳಿ ನನಗೆ ಗೊತ್ತು. ಮಾಮನನ್ನು ಕೇಳಿದರೆ, ಅದು ಶೀತ ಎನ್ನುತ್ತಾರೆ.

ಮರುದಿನ ಮಾಮ ಬರುವಾಗ ಬಣ್ಣದ ಪೆಟ್ಟಿಗೆ ತಂದರು. ಪೆನ್ಸಿಲ್ ಹಿಡಿದರೆ ಬೇಸರಪಡುವ ಅಣ್ಣ, ಬ್ರಷ್ಷು ಹಿಡಿದರೆ ಸುಮ್ಮನೆ ಕೂರಬಹುದು ಎಂಬ ಲೆಕ್ಕಾಚಾರ. ಎಷ್ಟಾದರೂ ದಿನವೆಲ್ಲ ನೊರೆ ಬ್ರಷ್ಷು ತಿರುಗಿಸಿದ ಕೈ. ಅಣ್ಣ ಎದುರಿಗೆ ಕೂತಿದ್ದ ಗೆಳೆಯನ ಮುಖವನ್ನೇ ಬರೆದರು. ಒಂದು ಕಣ್ಣು, ಒಂದು ಕಿವಿ, ಅರ್ಧ ಮೂಗು, ಅರ್ಧ ನಗು. ಅಲ್ಲಿಗೆ ಅವರ ಪಾಲಿಗೆ ಕಾಗದ ಮುಗಿಯಿತು. ಡಾಕ್ಟ್ರಮ್ಮ ಕಾಗದದ ಎಡ ಅಂಚಿಗೆ ಕೆಂಪು ಗೆರೆ ಎಳೆದು, "ಈ ಕೆಂಪು ಸಿಗೋ ತನಕ ಕಣ್ಣು ಸರಿಸ್ತಾ ಹೋಗಿ, ಸಿಕ್ಕಿದ ಮೇಲೆ ಅಲ್ಲಿಂದ ಬರೆಯೋಕೆ ಶುರು ಮಾಡಿ," ಎಂದರು. ಮೊದಲ ಸಲ ಕೆಂಪು ಸಿಕ್ಕಾಗ ಅಣ್ಣನಿಗೆ ಭಯವಾಯಿತಂತೆ. "ಮನೇಲಿ ಇನ್ನೊಂದು ರೂಮಿತ್ತು, ಇಷ್ಟು ದಿನ ಬಾಗಿಲೇ ತೆಗ್ದಿರ್ಲಿಲ್ಲ ಅನ್ನೋ ಹಂಗಾಯ್ತು."

ಮನೆಗೆ ಬಂದ ಮೇಲೂ ಬಣ್ಣ ನಿಲ್ಲಲಿಲ್ಲ. ಹಾಗಂತ ಎಡಗಡೆ ಸಲೀಸಾಗಿ ವಾಪಸಾಯಿತು ಎಂದುಕೊಳ್ಳಬೇಡಿ. ತಾನು ಹುಷಾರಾಗಿದ್ದೇನೆ ಎಂಬ ನಂಬಿಕೆಯಲ್ಲಿ, ಅತ್ತಿಗೆ ತರಕಾರಿಗೆ ಹೋಗಿದ್ದ ಹೊತ್ತು ನೋಡಿ, ಅಣ್ಣ ಒಂದು ದಿನ ಗುಟ್ಟಾಗಿ ಅಂಗಡಿ ತೆರೆದರು. ಬಂದವನು ಬ್ಯಾಂಕಿನಲ್ಲಿ ಹೊಸದಾಗಿ ಸೇರಿದ್ದ ಗುಮಾಸ್ತ. ಕುರ್ಚಿಗೆ ಒರಗಿದವನೇ ನಿದ್ದೆ ಹೋದ. ಅಣ್ಣ ತಮ್ಮ ಸಕಲ ವಿದ್ಯೆಯನ್ನೂ ಧಾರೆ ಎರೆದು ಅವನ ತಲೆಯ ಬಲಭಾಗವನ್ನು ಕತ್ತರಿಸಿದರು. ಕುತ್ತಿಗೆಗೆ ಪೌಡರ್ ಹಾಕಿ, ಬಟ್ಟೆ ಕೊಡವಿ, "ನೋಡಿ ಸಾರ್, ಹೆಂಗಿದೆ?" ಎಂದರು. ಅವರ ಮಟ್ಟಿಗೆ ಕನ್ನಡಿಯಲ್ಲೂ ಎಲ್ಲ ಸರಿಯಾಗೇ ಇತ್ತು.

ಗುಮಾಸ್ತ ಬಲು ಸಂಕೋಚದ ಮನುಷ್ಯ. ಹೊಸ ಫ್ಯಾಶನ್ ಇರಬಹುದು, ಕೇಳಿದರೆ ನನ್ನನ್ನು ಹಳೇ ಕಾಲದವನು ಎಂದುಕೊಂಡಾರು ಎಂದು ಯೋಚಿಸಿ, ದುಡ್ಡು ಕೊಟ್ಟು ಹೊರಟೇಬಿಟ್ಟ. ತರಕಾರಿ ಅಂಗಡಿಯ ಮುಂದೆ ಅತ್ತಿಗೆ ಎದುರಾದರು. ಅರ್ಧ ತಲೆ ಪಾಲಿಶು, ಅರ್ಧ ತಲೆ ಕಾಡು. ಯಾರ ಕೈಕೆಲಸ ಎಂದು ಅತ್ತಿಗೆಗೆ ಯಾರೂ ಹೇಳಬೇಕಾಗಲಿಲ್ಲ. ಅವನ ಕೈ ಹಿಡಿದು ಕರೆತಂದು, ಅದುವರೆಗೆ ಮುಟ್ಟಿಯೂ ನೋಡಿರದ, ಕೂದಲು ಕತ್ತರಿಸುವ ಮಷಿನ್ನು ತೆಗೆದುಕೊಂಡು, ಉಳಿದರ್ಧವನ್ನು ತಾವೇ ಮುಗಿಸಿದರು. ಅವರು ಕಸುಬು ಕಲಿತದ್ದು ಹಾಗೆ. ಗುಮಾಸ್ತ ಇಂದಿಗೂ ಇಲ್ಲಿಗೇ ಬರುತ್ತಾನೆ, ನಿದ್ದೆ ಮಾತ್ರ ಮಾಡುವುದಿಲ್ಲ.

ಆ ಸಂಜೆ ಅತ್ತಿಗೆ ಕತ್ತರಿ, ಕ್ಷೌರದ ಕತ್ತಿ ಎಲ್ಲವನ್ನೂ ಟವೆಲಿನಲ್ಲಿ ಸುತ್ತಿ ಬಟ್ಟೆ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅಣ್ಣ ಕೂಗಾಡಿದರು. ಕಸುಬು ಕಲಿಸಿದ ಗುರುಗಳು ಕೊಟ್ಟ ಕತ್ತಿ, ಮಡಚುವ ಹಿಡಿಯದು, ಅದನ್ನು ಹಿಡಿದೇ ಸಂಸಾರ ಸಾಕಿದ್ದು. ಅತ್ತಿಗೆ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. "ಕೂದಲು ಅರ್ಧ ಆದ್ರೆ ಮತ್ತೆ ಬೆಳೆಯುತ್ತೆ. ಕತ್ತಿ ಕತ್ತಿನ ಹತ್ರ ಹೋಗೋ ವಸ್ತು. ಇವರಿಗೆ ಕಾಣದೆ ಇರೋ ಕಡೆ ಯಾರದಾದ್ರೂ ಗಂಟಲು ಇದ್ರೆ?" ಇದು ಅವರ ವಾದ. ಅಣ್ಣ ಆ ರಾತ್ರಿ ಊಟ ಬಿಟ್ಟರಂತೆ. ಎರಡೂ ಅರ್ಧ.

ಅಲ್ಲಿಂದ ಮುಂದೆ ಬಣ್ಣವೇ ಅವರ ಪಾಲಿನ ಮದ್ದು. ಅತ್ತಿಗೆ ಮಷಿನ್ನು ಹಿಡಿದು ಅಂಗಡಿ ನಡೆಸಿದರು, ಅಣ್ಣ ಹಿಂದೆ ನಿಂತು ಗಿರಾಕಿಗಳ ಮುಖ ಬರೆದರು. ಆ ಚಿತ್ರಗಳೆಲ್ಲ ಈಗ ಅಂಗಡಿಯ ಉದ್ದ ಗೋಡೆಯ ಮೇಲಿವೆ. ಬಾಗಿಲಿನಿಂದ ಒಳಕ್ಕೆ ನಡೆದರೆ ಅವರ ಚೇತರಿಕೆಯೆಲ್ಲ ಕಾಣುತ್ತದೆ. ಮೊದಲು ಬರೀ ಅರ್ಧ ಮುಖಗಳು. ಆಮೇಲೆ ಎಲ್ಲೋ ಒಂದು ಎಡ ಹುಬ್ಬು, ದಾರಿ ತಪ್ಪಿ ಬಂದಂತೆ. ಆಮೇಲೆ ಬಣ್ಣಗೆಟ್ಟ ಎಡಗೆನ್ನೆ. ಗೋಡೆಯ ನಡುಭಾಗಕ್ಕೆ ಬರುವಷ್ಟರಲ್ಲಿ ಮುಖಗಳು ತುಂಬಿಕೊಳ್ಳುತ್ತವೆ. ಕಿವಿಯಿಂದ ಶುರು ಮಾಡುವ ಉತ್ಸಾಹಕ್ಕೆ ಎಡಗಿವಿಗಳು ಮೊರದಗಲ. ಒಂದು ಕಿವಿ ಸಿಕ್ಕಿದರೆ ಸಾಕು, ಅದನ್ನು ಹಿಡಿದುಕೊಂಡೇ ಉಳಿದ ಮುಖಕ್ಕೆ ಹೋಗಬಹುದು ಎನ್ನುತ್ತಾರೆ ಅಣ್ಣ.

"ಎಡಗಡೆ ಅನ್ನೋದು ಮುನಿಸ್ಕೊಂಡಿರೋ ಭಾವಮೈದ ಇದ್ದಂಗೆ ಸಾರ್," ಎಂದು ವಿವರಿಸುತ್ತಾರೆ. "ತಾನಾಗಿ ಮನೆಗೆ ಬರಲ್ಲ. ನಾವೇ ಹೋಗಿ, ಕೈ ಹಿಡಿದು, ಬಾರಪ್ಪಾ ಊಟಕ್ಕೆ ಅಂತ ಕರೀಬೇಕು. ದಿನಾ ಕರೀಬೇಕು. ಒಂದಿನ ಕರೀಲಿಲ್ಲಾಂದ್ರೆ ಮತ್ತೆ ಮುಖ ಊದಿಸ್ಕೊಂಡ್ ಕೂತ್ಕೋತಾನೆ." ಅತ್ತಿಗೆ ಮಷಿನ್ನಿನಿಂದ ತಲೆಯೆತ್ತದೆ, "ನನ್ ತಮ್ಮ ಮುನಿಸ್ಕೊಂಡಿದ್ದು ಒಂದೇ ಸಲ, ಅದೂ ಇವರು ಅವನ ಮೀಸೆ ತೆಗೆದಾಗ," ಎನ್ನುತ್ತಾರೆ.

ಮುಖಗಳು ತುಂಬಿದಂತೆಲ್ಲ ಅತ್ತಿಗೆಯ ಮನಸ್ಸು ಕರಗಿತು. ಕತ್ತರಿ ವಾಪಸ್ ಬಂತು, ಚಿತ್ರ ಪಾಸಾದರೆ ಮಾತ್ರ ಎಂಬ ಷರತ್ತಿನ ಮೇಲೆ. ಜೊತೆಗೆ, ಕಾಗದದ ಗೆರೆಯ ಹಾಗೆ ತಲೆಯ ಎಡಗಡೆಯನ್ನು ನೆನಪಿಸಲು, ಕೆಂಪು ಕ್ಲಿಪ್ಪೂ ಬಂತು. ಅದನ್ನು ತೆಗೆಯಲು ಮರೆತು ಎಷ್ಟೋ ಜನ ಭುಜದ ಮೇಲೆ ಹಾಗೇ ಸಿಕ್ಕಿಸಿಕೊಂಡು ಆಫೀಸಿಗೆ ಹೋಗಿದ್ದಾರೆ. ಅಣ್ಣನ ಗಿರಾಕಿ ಎಂಬುದಕ್ಕೆ ಅದೇ ಈಗ ಬಿರುದು.

ಕತ್ತಿ ಮಾತ್ರ ಬಂದಿಲ್ಲ. ಅದಕ್ಕೆ ಅತ್ತಿಗೆಯ ಷರತ್ತು ಬೇರೆ. ಕಾಗದದ ಮೇಲೆ ಕೆಂಪು ಗೆರೆ ಇಲ್ಲದೆ, ಪೂರ್ತಿ ಮುಖ ಬರೆಯಬೇಕು. ಅಣ್ಣ ಎಷ್ಟೋ ಸಲ ಪ್ರಯತ್ನಿಸಿದ್ದಾರೆ. ಗೆರೆ ಬಿಟ್ಟರೆ ಸಾಕು, ಒಂದು ಕಿವಿಯೋ ಒಂದು ಹುಬ್ಬೋ ಕಾಣೆ.

ಕತ್ತಿ ಇಲ್ಲದ್ದರಿಂದ ಅಣ್ಣನಿಗಿಂತ ಹೆಚ್ಚು ಕಷ್ಟಪಟ್ಟವರು ವಾಚ್ ಮಾಮ. "ಇವನ ಕತ್ತಿ ಬಿಟ್ರೆ ಇನ್ನೊಬ್ಬರ ಕತ್ತಿ ನನ್ನ ಕೆನ್ನೆ ಮುಟ್ಟಲ್ಲ," ಎಂದು ಆಸ್ಪತ್ರೆಯಲ್ಲೇ ಘೋಷಿಸಿದ್ದರು. ಆಡಿದ ಮಾತು, ಬಿಟ್ಟ ಬಾಣ. ಗಡ್ಡ ಬೆಳೆಯಿತು. ಎದೆ ಮುಟ್ಟಿತು. ಸಣ್ಣ ಗಾಜು ಕಣ್ಣಿಗೆ ಸಿಕ್ಕಿಸಿಕೊಂಡು ವಾಚಿನ ಮೇಲೆ ಬಗ್ಗಿದರೆ ಗಡ್ಡವೇ ಮೊದಲು ಒಳಗೆ ಹೋಗುತ್ತದೆ. ಈಗ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ ಅಂಗಿಯೊಳಗೆ ಇಳಿಬಿಟ್ಟುಕೊಂಡು ಕೆಲಸ ಮಾಡುತ್ತಾರೆ. ರಿಪೇರಿಯಾದ ವಾಚೊಂದು ಮತ್ತೆ ನಿಂತಿತೆಂದು ತೆರೆದು ನೋಡಿದರೆ ಚಕ್ರಕ್ಕೆ ಬಿಳಿ ಕೂದಲು ಸುತ್ತಿತ್ತಂತೆ. "ಗಿರಾಕಿ ಕೇಳಿದ, ಇದೇನು ಸ್ಪ್ರಿಂಗಾ ಅಂತ. ಹೌದು, ಇಂಪೋರ್ಟೆಡ್ಡು ಅಂದೆ."

ನಾನು ಬಂದ ದಿನ ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಅಣ್ಣ ನನ್ನನ್ನೇ ಕುರ್ಚಿಗೆ ಕೂರಿಸಿದರು. ನಾನು ಬಾಯಿ ಮುಚ್ಚುವ ಪೈಕಿ ಅಲ್ಲ. ಬ್ರಷ್ಷು ಕೈಗೆತ್ತಿಕೊಂಡವರನ್ನು, ಗುರುಗಳು ಯಾರು, ಮೊದಲು ಕತ್ತರಿಸಿದ್ದು ಯಾರ ತಲೆ, ಆ ಮನುಷ್ಯ ಬದುಕಿದ್ದಾನಾ ಎಂದು ಒಂದೇ ಸಮನೆ ಕೇಳುತ್ತಾ ಹೋದೆ. ಅವರೂ ಹೇಳುತ್ತಾ ಬರೆದರು, ಬರೆಯುತ್ತಾ ಹೇಳಿದರು. ಮುಗಿದಾಗ ಅತ್ತಿಗೆ ಎಂದಿನಂತೆ ಬಂದು ಕಾಗದ ತೆಗೆದುಕೊಂಡರು. ನೋಡಿದವರು ಹಾಗೇ ನಿಂತರು.

"ರೀ, ಕೆಂಪು ಗೆರೆ ಎಲ್ಲಿ?"

ಅಣ್ಣ ಕಾಗದ ನೋಡಿದರು. ಗೆರೆ ಇರಲಿಲ್ಲ. ನನ್ನ ವಟವಟದಲ್ಲಿ ಎಳೆಯಲು ಮರೆತೇಬಿಟ್ಟಿದ್ದರು. ನನ್ನ ಬೋಳು ತಲೆ ಅಲ್ಲಿತ್ತು, ಎರಡು ಕಿವಿ ಅಲ್ಲಿದ್ದವು. ನನ್ನ ಎಡಗೆನ್ನೆಯ ಮೇಲೊಂದು ನರೂಲಿ ಇದೆ. ಫೋಟೋ ಸ್ಟುಡಿಯೋದವರೆಲ್ಲ ದಾಕ್ಷಿಣ್ಯಕ್ಕೆ ಅಳಿಸಿಬಿಡುವ ಆ ನರೂಲಿಯೂ ಅಲ್ಲಿತ್ತು, ಸ್ವಲ್ಪ ದೊಡ್ಡದಾಗಿಯೇ ಇತ್ತು. ಹುಟ್ಟಿದಾಗಿನಿಂದ ಅದನ್ನು ಕಂಡರಾಗದ ನನಗೆ ಅವತ್ತು ಅದರ ಮೇಲೆ ಅಕ್ಕರೆ ಬಂತು.

ಅಣ್ಣ ಕಾಗದದ ಎಡ ಅಂಚನ್ನು ಬೆರಳಿನಿಂದ ಸವರಿ ನೋಡಿದರು. ಅತ್ತಿಗೆ, "ಒಂದು ಸಲ ಬಂದ್ರೆ ಆಯ್ತಾ? ವಾರ ಪೂರ್ತಿ ಬರ್ಲಿ, ನೋಡೋಣ," ಎಂದು ಒಳಗೆ ಹೋದರು. ಒಳಗೆ ಪಾತ್ರೆಗಳ ಸದ್ದು ವಿಪರೀತ ಜೋರಾಗಿತ್ತು.

ಶನಿವಾರ ಸಂಜೆ ವಾಚ್ ಮಾಮನ ಫೋನು. "ಪೇಪರ್‌ನೋರೇ, ನಮ್ಮೋನು ವಾರ ಪೂರ್ತಿ ಗೆರೆ ಇಲ್ದೆ ಬರ್ದ, ಒಂದು ಕಿವಿನೂ ತಪ್ಪಿಲ್ಲ. ನಾಳೆ ಬೆಳಗ್ಗೆ ಬನ್ನಿ. ಗಡ್ಡ ನೋಡೋದಿದ್ರೆ ಕೊನೇ ಅವಕಾಶ."

ಹೀಗಾಗಿ ಭಾನುವಾರ ನಸುಕಿನಲ್ಲಿ ನಾನು ಮತ್ತೆ ಅಲ್ಲೇ ಇದ್ದೇನೆ. ಪೇಪರ್ ಏಜೆಂಟ್ ಬಂದಿದ್ದಾರೆ, ಗುಮಾಸ್ತ ಬಂದಿದ್ದಾನೆ, ಇಬ್ಬರಿಗೂ ಇವತ್ತು ಇಲ್ಲಿ ಕೆಲಸವಿಲ್ಲ. ಮಾಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ್ದಾರೆ, ಗಡ್ಡದ ಉದ್ದವನ್ನು ಕತ್ತರಿ ಆಗಲೇ ತೆಗೆದಿದೆ. ಅವರದೊಂದು ಚಿತ್ರ ಗೋಡೆಯ ಕೊನೆಯಲ್ಲಿ ಇನ್ನೂ ಹಸಿಯಾಗಿದೆ, ಕೆಂಪು ಗೆರೆ ಇಲ್ಲದ್ದು. ಅತ್ತಿಗೆ ಕೊರಳಿನ ಬೀಗದಕೈಯಿಂದ ಕಪಾಟು ತೆರೆದು, ಟವೆಲ್ ಬಿಚ್ಚಿ, ಕತ್ತಿಯನ್ನು ಗಂಡನ ಅಂಗೈಯಲ್ಲಿಡುತ್ತಾರೆ. ಅಣ್ಣ ಅದನ್ನು ಮಸೆಯುವ ಚರ್ಮದ ಪಟ್ಟಿಯ ಮೇಲೆ ಆಡಿಸುತ್ತಾರೆ. ಕೈ ಏನನ್ನೂ ಮರೆತಿಲ್ಲ.

"ಭಯ ಇದ್ರೆ ಈಗ್ಲೇ ಹೇಳೋ," ಎನ್ನುತ್ತಾರೆ ಅಣ್ಣ.

"ನಂಗೇನೋ ಭಯ? ಗಡ್ಡಕ್ಕೆ ಸ್ವಲ್ಪ ಇರಬಹುದು," ಎನ್ನುತ್ತಾರೆ ಮಾಮ. ಕಣ್ಣು ಮಾತ್ರ ಬಿಗಿಯಾಗಿ ಮುಚ್ಚಿದ್ದಾರೆ.

ಅಣ್ಣ ಗೆಳೆಯನ ತಲೆಯ ಹಿಂದೆ ನಿಲ್ಲುತ್ತಾರೆ. ಎಡಗೈ ಹೋಗಿ ಮಾಮನ ಎಡಗಿವಿಯನ್ನು ಹಿಡಿಯುತ್ತದೆ. ಕತ್ತಿ ಅಲ್ಲಿಂದಲೇ ಹೊರಡುತ್ತದೆ. ಕಿವಿಯ ಕೆಳಗೆ, ಎಡಗೆನ್ನೆ, ದವಡೆಯ ತಿರುವು, ಗಂಟಲು. ಅಂಗಡಿಯಲ್ಲಿ ಕತ್ತಿಯ ಸರಸರ ಬಿಟ್ಟು ಬೇರೆ ಸದ್ದಿಲ್ಲ. ನಾನು ಕೂಡ ಬಾಯಿ ಮುಚ್ಚಿಕೊಂಡಿದ್ದೇನೆ, ಬೇಕಾದರೆ ನನ್ನ ಮನೆಯವರು ನಂಬದಿರಲಿ. ಎಡಗಡೆ ಪೂರ್ತಿ ಮುಗಿಸಿಯೇ ಅಣ್ಣ ಬಲಗೆನ್ನೆಗೆ ದಾಟುತ್ತಾರೆ. ನೊರೆಯೊಳಗಿನಿಂದ ನಮ್ಮಲ್ಲಿ ಕೆಲವರಿಗೆ ಮರೆತೇಹೋಗಿದ್ದ ಒಂದು ಗಲ್ಲ ಹೊರಗೆ ಬರುತ್ತದೆ. ಎಲ್ಲೂ ಒಂದು ಹನಿ ರಕ್ತವಿಲ್ಲ.

ಎಲ್ಲರ ಕಣ್ಣೂ ಕತ್ತಿಯ ಮೇಲಿದ್ದಾಗ ನಾನು ಕಂಡದ್ದು ಬೇರೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ ಹಿಡಿದು ಅತ್ತಿಗೆ ಯಾವಾಗಿನಂತೆ ಬಲಗಡೆ ನಿಂತಿದ್ದರು. ಅಣ್ಣ ಬಲಗೆನ್ನೆಯ ಕಡೆ ಬಗ್ಗಿದಾಗ, ಅವರು ಸದ್ದಾಗದ ಹಾಗೆ ಗೋಡೆಯ ಪಕ್ಕದಿಂದ ಸುತ್ತಿ ಹೋಗಿ ಎಡಗಡೆ ನಿಂತರು. ಟವೆಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಕನ್ನಡಿಯ ಕಡೆಗೂ ನೋಡದೆ, ಕಾದರು. ಆಸ್ಪತ್ರೆಯ ಮಂಚದ ಪಕ್ಕ ಅವರು ಹೇಗೆ ಕೂತಿದ್ದಿರಬಹುದು ಎಂದು ನನಗೆ ಆಗ ಕಾಣಿಸಿತು.

ಅಣ್ಣ ಕೊನೆಯ ಎಳೆತ ಮುಗಿಸಿ ಕತ್ತಿ ಮಡಚುತ್ತಾರೆ. ತಲೆಯೆತ್ತುವುದಿಲ್ಲ. ಎಡಗೈಯನ್ನು ಎಡಗಡೆಗೆ, ನೇರ ಅತ್ತಿಗೆ ನಿಂತಿರುವಲ್ಲಿಗೆ ಚಾಚುತ್ತಾರೆ.

"ಟವೆಲ್ ಕೊಡೇ. ಆರೋಗುತ್ತೆ."

ಅತ್ತಿಗೆ ಕೊಡುವುದಿಲ್ಲ. "ನಾನು ಇಲ್ಲಿದೀನಿ ಅಂತ ಯಾರು ಹೇಳಿದ್ರು ನಿಮಗೆ?"

ಅಣ್ಣ ಈಗ ಎಡಕ್ಕೆ ತಿರುಗಿ ಹೆಂಡತಿಯನ್ನು ನೋಡುತ್ತಾರೆ. ಇದೆಂಥ ಪ್ರಶ್ನೆ ಎನ್ನುವಂತಿದೆ ಅವರ ಮುಖ.

"ಇನ್ನೆಲ್ಲಿರ್ತೀಯಾ? ಮದುವೆ ಆದಾಗಿಂದ ಅಲ್ಲೇ ತಾನೇ ನೀನು ನಿಲ್ಲೋದು."

ಟವೆಲಿನ ಒಂದು ತುದಿಯಲ್ಲಿ ಅತ್ತಿಗೆ ತಮ್ಮ ಕಣ್ಣೊರೆಸಿಕೊಳ್ಳುತ್ತಾರೆ, ಇನ್ನೊಂದು ತುದಿಯನ್ನು ಗಂಡನ ಕೈಗೆ ಕೊಡುತ್ತಾರೆ. ಕುರ್ಚಿಯಲ್ಲಿ ಮಾಮ ಕಣ್ಣು ಮುಚ್ಚಿಕೊಂಡೇ, "ಮುಗೀತೇನ್ರೋ? ನಾನಿನ್ನೂ ಪೂರ್ತಿ ಇದೀನಾ?" ಎಂದು ಕೇಳುತ್ತಾರೆ. ಅಣ್ಣ ಅವರ ಮುಖ ಒರೆಸುತ್ತಾರೆ. ಮೊದಲು ಎಡಗೆನ್ನೆ, ಆಮೇಲೆ ಬಲಗೆನ್ನೆ. ಅಷ್ಟು ಹೊತ್ತೂ ಅತ್ತಿಗೆ ಆ ಎಡಗಡೆಯ ಜಾಗ ಬಿಟ್ಟು ಕದಲುವುದಿಲ್ಲ.